ಹಸಿರು ಹೋಟೆಲಿಗೆ ಹೋಗುವ ದಾರಿ

ಯುರೋಪಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ರಜೆಯ ದಿನಗಳಲ್ಲಿ ಕಳುಹಿಸುವ ಚಿತ್ರಗಳಲ್ಲಿ ಈಚೆಗೆ ಒಂದು ಹೊಸ ಸಂಗತಿ ಕಾಣುತ್ತಿದೆ. ಮೊದಲೆಲ್ಲ ಗೋಪುರ, ಸೇತುವೆ, ಹಿಮದ ಬೆಟ್ಟಗಳಷ್ಟೇ ಇರುತ್ತಿದ್ದವು. ಈಗ ಅವುಗಳ ಜೊತೆಗೆ ತಾವು ಇಳಿದುಕೊಂಡ ಹೋಟೆಲಿನ ಚಿತ್ರವೂ, "ಇದು ಪರಿಸರಸ್ನೇಹಿ ಹೋಟೆಲ್, ಸಾರ್" ಎಂಬ ಒಕ್ಕಣೆಯೂ ಬರುತ್ತವೆ. ನಮ್ಮ ಮಲೆನಾಡಿನಲ್ಲಿಯೂ ಈ ಮಾತು ಬೇರೂರಿದೆ. ತೀರ್ಥಹಳ್ಳಿಯ ರಸ್ತೆಯಲ್ಲಿ, ಸಾಗರದ ದಾರಿಯಲ್ಲಿ 'ಇಕೋ' ಎಂಬ ಎರಡಕ್ಷರ ಅಂಟಿಸಿಕೊಂಡ ಫಲಕಗಳು ತಿರುವಿಗೊಂದು ಸಿಗುತ್ತವೆ. ಈ ಬಗ್ಗೆ ನನ್ನ ಅಭಿಪ್ರಾಯವೇನೆಂದು ಕೇಳಿದವರು ಒಬ್ಬಿಬ್ಬರಲ್ಲ. ಆದ್ದರಿಂದ ಎಲ್ಲರಿಗೂ ಸೇರಿಸಿ ಇಲ್ಲಿಯೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು: ಪ್ರವಾಸವೊಂದು ಹಸಿರೋ ಅಲ್ಲವೋ ಎಂಬುದು ಕೋಣೆಯ ಒಳಗೆ ತೀರ್ಮಾನವಾಗುವುದಿಲ್ಲ. ನೀವು ಅಲ್ಲಿಗೆ ಬಂದದ್ದು ಹೇಗೆ, ಎಷ್ಟು ದಿನ ಇದ್ದಿರಿ, ನಿಮ್ಮ ಹಣ ಯಾರ ಮನೆ ಸೇರಿತು, ನೀವು ಬಳಸಿದ ನೀರು ಯಾರ ಪಾಲಿನದು ಎಂಬುದರಲ್ಲಿ ತೀರ್ಮಾನವಾಗುತ್ತದೆ.

ನಾನು ಗಣಿತದ ಮೇಷ್ಟ್ರಲ್ಲ, ಆದರೂ ಈ ಲೆಕ್ಕ ಕಷ್ಟದ್ದಲ್ಲ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇಕಡಾ 8ರಷ್ಟು ಪ್ರವಾಸೋದ್ಯಮದ್ದೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಅದರಲ್ಲಿ ಪ್ರಯಾಣದ ಪಾಲು ದೊಡ್ಡದು. ಬೆಂಗಳೂರಿನಿಂದ ಜರ್ಮನಿಗೆ ವಿಮಾನದಲ್ಲಿ ಹೋಗಿ ಬರುವ ಒಬ್ಬ ಪ್ರಯಾಣಿಕನ ಲೆಕ್ಕಕ್ಕೆ ಒಂದು ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಸರಾಸರಿ ಭಾರತೀಯನೊಬ್ಬನ ಪಾಲಿಗೆ ಇಡೀ ವರ್ಷಕ್ಕೆ ಬರುವುದು ಸುಮಾರು ಎರಡು ಟನ್. ಹೀಗೆ ಅರ್ಧ ವರ್ಷದ ಪಾಲನ್ನು ಆಕಾಶದಲ್ಲಿ ಖರ್ಚು ಮಾಡಿ ಇಳಿದ ಮೇಲೆ, ಸ್ನಾನದ ಟವೆಲನ್ನು ಎರಡನೆಯ ದಿನವೂ ಬಳಸಿದರೆ ಭೂಮಿ ಉಳಿಯುತ್ತದೆಂದು ಕೋಣೆಯಲ್ಲಿಟ್ಟ ಚೀಟಿ ಹೇಳುತ್ತದೆ! ಟವೆಲ್ ಬಳಸಬೇಡಿ ಎನ್ನುತ್ತಿಲ್ಲ, ಬಳಸಿ. ಆದರೆ ಅದನ್ನು ಪುಣ್ಯದ ಖಾತೆಗೆ ಬರೆದುಕೊಳ್ಳಬೇಡಿ. ಇಂಥದೇ ಟವೆಲಿನ ಚೀಟಿಯನ್ನು ಕಂಡು ರೇಗಿದ ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದ ಪರಿಸರವಾದಿ 1986ರಲ್ಲಿ 'ಗ್ರೀನ್‌ವಾಷ್' ಎಂಬ ಪದವನ್ನು ಬಳಕೆಗೆ ತಂದರು. ಸುಣ್ಣ ಬಳಿದು ಬಿರುಕು ಮುಚ್ಚುವಂತೆ ಹಸಿರು ಬಳಿದು ಮುಚ್ಚುವುದು ಎಂದು ನಾವು ಹೇಳಬಹುದು.

ಹಾಗೆಂದು ಯುರೋಪಿನವರದೆಲ್ಲ ಬೂಟಾಟಿಕೆ ಎನ್ನುವವನು ನಾನಲ್ಲ. ಅವರು ಒಂದು ಕೆಲಸವನ್ನು ಕ್ರಮವಾಗಿ ಮಾಡಿದ್ದಾರೆ: ಮಾತಿಗೆ ಪುರಾವೆ ಕೇಳಿದ್ದಾರೆ. 1992ರಲ್ಲಿ ಆರಂಭವಾದ ಯುರೋಪಿಯನ್ ಒಕ್ಕೂಟದ ಹೂವಿನ ಮುದ್ರೆಯನ್ನು 2003ರಲ್ಲಿ ಪ್ರವಾಸಿ ವಸತಿಗಳಿಗೂ ವಿಸ್ತರಿಸಿದರು. ವಿದ್ಯುತ್ತು, ನೀರು, ಕಸ ಎಲ್ಲಕ್ಕೂ ಮಾನದಂಡಗಳುಂಟು. ತಪಾಸಣೆಯಾದ ಮೇಲೆಯೇ ಮುದ್ರೆ. 2024ರಲ್ಲಿ ಅದೇ ಒಕ್ಕೂಟ ಮತ್ತೊಂದು ಹೆಜ್ಜೆ ಇಟ್ಟು, ಆಧಾರ ತೋರಿಸದೆ ಸುಮ್ಮನೆ 'ಪರಿಸರಸ್ನೇಹಿ' ಎಂದು ಗ್ರಾಹಕರಿಗೆ ಹೇಳಿಕೊಳ್ಳುವುದನ್ನು ನಿಷೇಧಿಸುವ ನಿರ್ದೇಶನ ಹೊರಡಿಸಿತು. ಅದರ ಅನ್ವಯಕ್ಕೆ ಗೊತ್ತುಪಡಿಸಿದ ದಿನ 2026ರ ಸೆಪ್ಟೆಂಬರ್ 27. ವಿಯೆನ್ನಾ ನಗರದ ಸ್ಟಾಡ್‌ಹಾಲೆ ಎಂಬ ಹೋಟೆಲಿನ ಉದಾಹರಣೆ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಯಿತು. ವರ್ಷದಲ್ಲಿ ತನಗೆ ಬೇಕಾದಷ್ಟು ಶಕ್ತಿಯನ್ನು ತಾನೇ ಉತ್ಪಾದಿಸಿಕೊಳ್ಳುವಂತೆ ಯೋಜಿಸಿದ ಕಟ್ಟಡವೊಂದನ್ನು ಅದು 2009ರಲ್ಲಿ ಸೇರಿಸಿಕೊಂಡಿತು. ಅದಕ್ಕಿಂತ ಮುಖ್ಯವಾಗಿ, ರೈಲಿನಲ್ಲಿಯೋ ಸೈಕಲಿನಲ್ಲಿಯೋ ಬಂದ ಅತಿಥಿಗೆ ಬಾಡಿಗೆಯಲ್ಲಿ ರಿಯಾಯಿತಿ ಕೊಡುವ ಪದ್ಧತಿಯನ್ನು ಇಟ್ಟುಕೊಂಡಿತು. ಅಂದರೆ, ನೀವು ಹೇಗೆ ಬಂದಿರಿ ಎಂದು ಕೇಳಿದ ಹೋಟೆಲು ಅದು. ನಮ್ಮಲ್ಲಿ ಅತಿಥಿ ಬಂದೊಡನೆ ಕೇಳುವ ಮೊದಲ ಪ್ರಶ್ನೆಯೂ ಅದೇ ಅಲ್ಲವೇ? "ಯಾವುದಕ್ಕೆ ಬಂದ್ರಿ, ಬಸ್ಸಿಗೋ ರೈಲಿಗೋ?"

ರೈಲಿನ ಮಾತು ಬಂದದ್ದರಿಂದ ಒಂದು ವಿನೋದವನ್ನು ಹೇಳಲೇಬೇಕು. ಯುರೋಪಿನಲ್ಲಿ ರಾತ್ರಿ ರೈಲುಗಳು ಒಂದೊಂದಾಗಿ ನಿಂತುಹೋಗುತ್ತಿದ್ದವು. ಜರ್ಮನಿಯ ರೈಲ್ವೆ ಕೈಬಿಟ್ಟ ಮಲಗುವ ಗಾಡಿಗಳನ್ನು ಆಸ್ಟ್ರಿಯಾದ ರೈಲ್ವೆ 2016ರಲ್ಲಿ ವಹಿಸಿಕೊಂಡು 'ನೈಟ್‌ಜೆಟ್' ಎಂಬ ಹೆಸರಿನಲ್ಲಿ ಓಡಿಸಿತು. ಈಗ ಅದರಲ್ಲಿ ಮಲಗಿ ಹೋಗುವುದೇ ಸುಸ್ಥಿರ ಪ್ರವಾಸದ ದೊಡ್ಡ ಗುರುತು. ನಮ್ಮಲ್ಲಿ ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ಗಾಡಿ ಬೆಳಗಿನ ಜಾವ ಭದ್ರಾವತಿಯಲ್ಲಿ ನಿಂತು ಮುಂದಕ್ಕೆ ಹೋಗುತ್ತದೆ. ಅದರ ಮೇಲಿನ ಬರ್ತಿನಲ್ಲಿ ಶಾಲು ಹೊದ್ದು ಮಲಗಿದ ಯಾವ ಅಜ್ಜಿಯೂ ತಾನು ಸುಸ್ಥಿರ ಪ್ರವಾಸಿ ಎಂದು ಹೇಳಿಕೊಂಡಿಲ್ಲ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ವಿಮಾನ ಬಂದಿಳಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಫ್ರಾನ್ಸ್ ದೇಶ, ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಊರುಗಳ ನಡುವಿನ ದೇಶೀಯ ವಿಮಾನಗಳನ್ನು ನಿಲ್ಲಿಸುವ ನಿಯಮವನ್ನು ಜಾರಿಗೆ ತಂದಿತ್ತು. ನಮ್ಮ ರೈಲಿಗೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ನಾಲ್ಕು ಗಂಟೆಗೂ ಹೆಚ್ಚು ಬೇಕು. ಆದ್ದರಿಂದ ಆ ನಿಯಮ ನಮಗೆ ತಗಲುವುದಿಲ್ಲವೆಂದು ವಾದಿಸಬಹುದು. ವಾದ ಸರಿಯೇ. ವಿಮಾನ ನಿಲ್ದಾಣದಿಂದ ಜಿಲ್ಲೆಗೆ ಒಳ್ಳೆಯದಾಗಲಿ ಎಂದು ಹಾರೈಸುವವರಲ್ಲಿ ನಾನೂ ಒಬ್ಬ. ಆದರೆ ವಿಮಾನದಲ್ಲಿ ಬಂದಿಳಿದು, ಒಬ್ಬರೇ ಕಾರಿನಲ್ಲಿ ಕುಳಿತು ಹೋಗಿ, ಬಿದಿರ ಗುಡಿಸಿಲಿನಲ್ಲಿ ಒಂದೇ ರಾತ್ರಿ ಮಲಗಿ, ಅದನ್ನು ಪರಿಸರ ಪ್ರವಾಸವೆಂದು ಕರೆದರೆ ನನಗೆ ಒಪ್ಪಿಗೆಯಿಲ್ಲ.

ಭದ್ರಾವತಿಯವನಿಗೆ ಕಾಡಿನ ಬಗ್ಗೆ ಮಾತಾಡುವ ಹಕ್ಕೇನು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮೂರು ಬೆಳೆದದ್ದೇ ಕಾಡು ಸುಟ್ಟು. 1918ರಲ್ಲಿ ಮೈಸೂರು ಸಂಸ್ಥಾನ ಕೈಗೊಂಡ ಕಾರ್ಖಾನೆಯಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾ ಕಣಿವೆಯ ಮರಗಳ ಇದ್ದಿಲಿನಿಂದ ಕರಗಿಸಿದರು. ಆಮೇಲೆ ಬಂದ ಕಾಗದದ ಕಾರ್ಖಾನೆ ಬಿದಿರನ್ನು ಉಂಡಿತು. ಜನ್ನಾಪುರದ ಬೀದಿಗಳಲ್ಲಿ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ತಿದ್ದಿಕೊಳ್ಳುತ್ತಿದ್ದ ನಮ್ಮೆಲ್ಲರ ಅನ್ನದಲ್ಲಿ ಆ ಮರಗಳ ಪಾಲಿದೆ. ಆದರೆ ಆ ಕಾರ್ಖಾನೆಯ ಮೊದಲ ಹೆಸರು ಏನು ಗೊತ್ತೇ? 'ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್'. ಸುಡುವುದು ಮರ ಎಂದು ಹೆಸರಿನಲ್ಲಿಯೇ ಬರೆದುಕೊಂಡಿದ್ದರು. ಮರ ಕಡಿದ ಜಾಗದಲ್ಲಿ ನಿಂತು ಹೆಸರಿನಲ್ಲಿ ಹಸಿರು ಬರೆದುಕೊಳ್ಳುವ ಜಾಣತನ ಆ ಕಾಲದವರಿಗೆ ಇರಲಿಲ್ಲ.

ಲಕ್ಕವಳ್ಳಿಯ ಅಣೆಕಟ್ಟಿಗೆ ನಾನು ಕರೆದೊಯ್ದ ಮಕ್ಕಳು ಈಗ ಐವತ್ತರ ಆಚೆಗಿದ್ದಾರೆ. ಸರ್ಕಾರಿ ಬಸ್ಸಿನಲ್ಲಿ ಬಿ.ಆರ್.ಪಿ.ಗೆ ಹೋಗುತ್ತಿದ್ದೆವು; ಚಿತ್ರಾನ್ನ, ಮುತ್ತುಗದ ಎಲೆ, ಸಂಜೆಗೆ ವಾಪಸು. ಇಂದು ಆ ಹಿನ್ನೀರಿನ ದಂಡೆಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ಲಾಡ್ಜ್ ಇದೆ. ಬೇಸಗೆಯಲ್ಲಿ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ಹಕ್ಕಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಒಳ್ಳೆಯ ಹೆಸರು. ಆದರೆ ಅಲ್ಲಿ ದೋಣಿಯಲ್ಲಿ ಕುಳಿತವರಿಗೆ ಇನ್ನೆರಡು ಸಂಗತಿ ಗೊತ್ತಿರಬೇಕೆಂದು ನನ್ನ ಆಸೆ. ಅಣೆಕಟ್ಟು ಕಟ್ಟಿದಾಗ ಆ ನೀರಿನಡಿ ಊರುಗಳು ಮುಳುಗಿದವು. 1998ರಲ್ಲಿ ಭದ್ರಾ ಅಭಯಾರಣ್ಯ ಹುಲಿ ಯೋಜನೆಗೆ ಸೇರಿತು; 2002ರ ಹೊತ್ತಿಗೆ ಕಾಡಿನೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಬಂದು ನೆಲೆಸಿದವು. ದೇಶದಲ್ಲಿಯೇ ಸುಸೂತ್ರವಾಗಿ ನಡೆದ ಪುನರ್ವಸತಿಗಳಲ್ಲಿ ಒಂದೆಂದು ಅದು ಹೆಸರಾಗಿದೆ. ಆದರೂ ಮನೆ ಬಿಟ್ಟವರು ಅವರು. ನಾವು ನೋಡಲು ಹೋಗುವ ಹುಲಿಗೂ ಹಕ್ಕಿಗೂ ಜಾಗ ಬಿಟ್ಟುಕೊಟ್ಟವರು ಅವರು. ಅಂಥವರ ಮಕ್ಕಳಿಗೆ ಕಾಡಂಚಿನ ವಸತಿಗೃಹಗಳಲ್ಲಿ ಎಷ್ಟು ಕೆಲಸ ಸಿಕ್ಕಿತು ಎಂಬುದು ಟವೆಲಿಗಿಂತ ದೊಡ್ಡ ಲೆಕ್ಕ.

ಕೆಲವು ವರ್ಷಗಳ ಹಿಂದೆ ಬಂಧುಗಳೊಬ್ಬರ ಷಷ್ಟ್ಯಬ್ದಿಯ ನೆಪದಲ್ಲಿ ಮಲೆನಾಡಿನ ಒಂದು 'ಹಸಿರು' ರೆಸಾರ್ಟಿನಲ್ಲಿ ತಂಗಿದ್ದೆ. ಹೆಸರು ಬೇಡ. ಏಪ್ರಿಲ್ ತಿಂಗಳು. ಹುಲ್ಲಿನ ಮಾಡು, ಅದರಡಿ ಹವಾನಿಯಂತ್ರಣ. ಮಂಚದ ಪಕ್ಕದಲ್ಲಿ ಭೂಮಿತಾಯಿಯ ಬಗ್ಗೆ ಚೀಟಿ, ಚೀಟಿಯ ಮೇಲೆ ಪ್ಲಾಸ್ಟಿಕ್ ನೀರಿನ ಬಾಟಲಿ. ಈಜುಕೊಳ ತುಂಬಿ ತುಳುಕುತ್ತಿತ್ತು. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಹೆಂಗಸನ್ನು ಮಾತಾಡಿಸಿದೆ. ಕೆಳಗಿನ ಕೇರಿಯವರು. "ನಮ್ಮನೆ ಬಾವೀಲಿ ಕೊಡ ಮುಳ್ಗೋವಷ್ಟೂ ನೀರಿಲ್ಲ ಮೇಷ್ಟ್ರೇ, ಇಲ್ಲಿ ಬೋರು ಹೊಡೆದ್ಮೇಲೆ ಹಿಂಗಾಗಿದ್ದು" ಎಂದರು. ಅದು ಬೋರಿನಿಂದಲೇ ಆದದ್ದೋ, ಆ ವರ್ಷದ ಮಳೆಯ ಕೊರತೆಯಿಂದಲೋ, ನಾನು ಭೂಗರ್ಭಶಾಸ್ತ್ರಜ್ಞನಲ್ಲ. ಆದರೆ ಅಂದಿನ ಪಾಯಸ ರುಚಿಸಲಿಲ್ಲ.

ಇದಕ್ಕೆ ಪ್ರತಿಯಾಗಿ ಹಳೆಯ ತೋಟದ ಮನೆಗಳನ್ನು ಹೊಗಳುವುದು ಸುಲಭ. ಅಡಿಕೆ ಸಿಪ್ಪೆಯಲ್ಲಿ ಕಾಯುವ ಬಚ್ಚಲ ಹಂಡೆ, ಬಾಳೆಯ ಬುಡಕ್ಕೆ ಹರಿಯುವ ಸ್ನಾನದ ನೀರು, ಹಾಳೆಯ ತಟ್ಟೆ. ಎಲ್ಲವೂ ನಿಜ. ಆದರೆ ಆ ಒಲೆ ಊದಿದವರು, ಆ ನೀರು ಸೇದಿದವರು ಮನೆಯ ಹೆಂಗಸರು. ಅವರ ಕಣ್ಣುರಿಯನ್ನು ಯಾವ ಮುದ್ರೆಯೂ ಅಳೆಯಲಿಲ್ಲ. ಹಂಡೆಯ ಜಾಗಕ್ಕೆ ಸೌರ ಹೀಟರ್ ಬಂದಿದ್ದರೆ ಅದನ್ನು ಕಂಡು ಮೂಗು ಮುರಿಯುವ ಪೇಟೆಯ ಅತಿಥಿಯ ಮೇಲೆ ನನಗೆ ಸಿಟ್ಟು ಬರುತ್ತದೆ.

ಹೋಂಸ್ಟೇಗಳನ್ನು ನೋಂದಾಯಿಸುವ ಪ್ರವಾಸೋದ್ಯಮ ಇಲಾಖೆ, 'ಪರಿಸರಸ್ನೇಹಿ' ಎಂದು ಬರೆದುಕೊಳ್ಳುವ ಪ್ರತಿಯೊಬ್ಬರಿಂದಲೂ ನೀರಿನ ಮೂಲ, ಬಚ್ಚಲ ನೀರು ಹೋಗುವ ಜಾಗ, ಸುತ್ತಲ ಊರುಗಳಿಂದ ಕೆಲಸಕ್ಕಿರುವವರ ಸಂಖ್ಯೆ ಇವನ್ನು ಬಾಗಿಲ ಫಲಕದಲ್ಲಿಯೇ ಬರೆಸಬೇಕೆಂಬುದು ನನ್ನ ಒತ್ತಾಯ. ಬೆಲೆಪಟ್ಟಿ ಹಾಕಲು ಸಾಧ್ಯವಾದರೆ ಇದೂ ಸಾಧ್ಯ. ಅಲ್ಲಿಯವರೆಗೆ ನೀವೇ ಫೋನಿನಲ್ಲಿ ಕೇಳಿ. ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಕೇಳಿ. ಸಿಡುಕದೆ ಉತ್ತರಿಸುವ ಇಬ್ಬರು ಮಾಲೀಕರು ನನಗೆ ಗೊತ್ತು. ಅವರಲ್ಲೊಬ್ಬರು ಬಸ್ ನಿಲ್ದಾಣಕ್ಕೆ ತಮ್ಮ ತೋಟದ ಜೀಪನ್ನೇ ಕಳುಹಿಸುತ್ತಾರೆ. ಬೇಸಗೆ ರಜೆಗೆ ಊರಿಗೆ ಬರುವವರು ನನಗೆ ಒಂದು ಸಾಲು ಬರೆದರೆ ವಿಳಾಸ ತಿಳಿಸುತ್ತೇನೆ. ಎರಡು ರಾತ್ರಿಗಿಂತ ಕಡಿಮೆ ಇರುವವರನ್ನು ಮಾತ್ರ ಅವರು ಒಪ್ಪುವುದಿಲ್ಲ.