ಜಯಘೋಷ ಕೂಗುವ ಹಕ್ಕು

ಅಮೆರಿಕದ ಶಾಲೆಗಳಲ್ಲಿ ಚೆಂಡಾಟ ನಡೆಯುವಾಗ ಬಯಲಿನ ಅಂಚಿನಲ್ಲಿ ಕುಣಿದು ತಂಡಕ್ಕೆ ಜಯಘೋಷ ಕೂಗುವ ಹುಡುಗಿಯರಿರುತ್ತಾರೆ, ಚಿಯರ್‌ಲೀಡರುಗಳೆಂದು ಹೆಸರು. ಕೂಲಿ, ಬಾಡಿಗೆಯ ಮಾತು ಬಿಟ್ಟು ಕುಣಿತಕ್ಕಾಗಿ ಮುಷ್ಕರವೇ ಎಂದು ಕೇಳುವ ಸಂಗಾತಿಗಳು ಟೆಕ್ಸಸ್ಸಿನ ಕ್ರಿಸ್ಟಲ್ ಸಿಟಿಯ ಕಥೆ ಕೇಳಬೇಕು.

ಅದು ಪಾಲಕ್ ಸೊಪ್ಪಿನ ಊರು. ಸೊಪ್ಪು ಕೊಯ್ದು ಕಾರ್ಖಾನೆಯಲ್ಲಿ ಡಬ್ಬಿಗೆ ತುಂಬುವವರು ಮೆಕ್ಸಿಕನ್ ಮೂಲದ ಕೂಲಿಕಾರರು; ಶಾಲೆಯಲ್ಲಿ ಬಹುಪಾಲು ಅವರದೇ ಮಕ್ಕಳು. ಆದರೆ ನಾಲ್ವರು ಚಿಯರ್‌ಲೀಡರುಗಳಲ್ಲಿ ಮೂವರು ಬಿಳಿಯರ ಮನೆಯವರು, ಒಬ್ಬಳು ಮಾತ್ರ ಇವರವಳು! ಆರಿಸುತ್ತಿದ್ದವರು ಮಾಸ್ತರರು. ಇಂಥ ಲೆಕ್ಕವನ್ನು ಯಾರೂ ಕಾಗದದ ಮೇಲೆ ಬರೆದಿಡುವುದಿಲ್ಲ.

1969ರ ಡಿಸೆಂಬರಿನಲ್ಲಿ ಮಕ್ಕಳು ತರಗತಿ ಬಿಟ್ಟು ಹೊರಬಂದರು. ಸ್ಪ್ಯಾನಿಷ್ ಆಡಿದರೆ ಶಿಕ್ಷೆ ಕೂಡದು, ತಮ್ಮ ಜನರ ಚರಿತ್ರೆಯನ್ನೂ ಕಲಿಸಬೇಕು ಎಂದರು. ಮುಷ್ಕರ ಹೂಡಿದ ಹುಡುಗರನ್ನು ಕೆಲಸದಿಂದ ತೆಗೆದ ಅಂಗಡಿಗೆ ಜನರು ಬಹಿಷ್ಕಾರ ಹಾಕಿದರು. ಹಾಜರಿಯ ಮೇಲೆ ಸರಕಾರದ ಹಣ ಬರುವ ಪದ್ಧತಿ. ಖಾಲಿ ಬೆಂಚುಗಳ ಪೆಟ್ಟು ಗಲ್ಲಾಪೆಟ್ಟಿಗೆಗೆ ಬಿತ್ತು. ಇದರ ಮರ್ಮವನ್ನು ಗಿರಣಿಯವರಿಗೆ ನಾವು ವಿವರಿಸಬೇಕಿಲ್ಲ.

1970ರ ಜನವರಿಯಲ್ಲಿ ಶಾಲಾ ಮಂಡಲಿ ಮಣಿಯಿತು. ಹಿರಿಯರು ಅಷ್ಟಕ್ಕೇ ಮನೆಗೆ ಹೋಗಲಿಲ್ಲ. ಲಾ ರಾಸಾ ಉನಿಡಾ ಎಂಬ ಪಕ್ಷ ಕಟ್ಟಿ, ಏಪ್ರಿಲಿನ ಚುನಾವಣೆಯಲ್ಲಿ ಆ ಮಂಡಲಿಯ ಮೂರು ಸ್ಥಾನ ಗೆದ್ದರು. ಮುಷ್ಕರದ ಬೆನ್ನಿಗೆ ನಿಂತಿದ್ದ ಹೋಸೆ ಏಂಜೆಲ್ ಗುಟಿಯರೆಸ್ ಮಂಡಲಿಯ ಅಧ್ಯಕ್ಷರಾದರು.