ಜಾಲತಾಣವೂ ಬೀಗದ ಕೈಯೂ

ಮನೆಯನ್ನು ಕಟ್ಟಿಸುವ ಗೃಹಸ್ಥನು ಮೊದಲು ನಿವೇಶನದ ಪತ್ರವನ್ನು ನೋಡುತ್ತಾನೆ. ಆ ಬಳಿಕ ತಳಪಾಯ, ಗೋಡೆ, ಬಾಗಿಲು. ಬಣ್ಣದ ಮಾತು ಬರುವುದು ಕಟ್ಟಕಡೆಗೆ. ಈ ಕ್ರಮವನ್ನು ನಮ್ಮ ಜನಕ್ಕೆ ಯಾರೂ ಕಲಿಸಬೇಕಾದುದಿಲ್ಲ. ಆದರೆ ಅದೇ ಗೃಹಸ್ಥನು ತನ್ನ ವ್ಯವಹಾರಕ್ಕೆ ಜಾಲತಾಣವೊಂದನ್ನು ಮಾಡಿಸಹೊರಟಾಗ ಮೊದಲು ಬಣ್ಣವನ್ನೇ ವಿಚಾರಿಸುತ್ತಾನೆ. ಪತ್ರ ಯಾರ ಹೆಸರಿನಲ್ಲಿದೆಯೆಂದು ಕೇಳುವುದೇ ಇಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಮನೆಗಳಲ್ಲಿ ಈಗ ಈ ಮಾತು ಮೇಲಿಂದ ಮೇಲೆ ಏಳುತ್ತಿರುವುದರಿಂದ, ಈ ತಿಂಗಳು ನಾವು ಇದನ್ನೇ ಕುರಿತು ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ದೃಷ್ಟಾಂತಕ್ಕಾಗಿ ಶ್ರೀನಿವಾಸಪುರದ ಸೀಮೆಯ ಒಂದು ಮಾವಿನ ತೋಟದ ಮನೆಯನ್ನು ಭಾವಿಸಿಕೊಳ್ಳೋಣ. ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ ಎಲ್ಲವೂ ಆ ತೋಟದಲ್ಲಿವೆ. ಮೇ ತಿಂಗಳಿನಿಂದ ಜುಲೈವರೆಗೆ ಹಣ್ಣಿನ ಕಾಲ; ವರ್ಷದ ಸಂಪಾದನೆಯೆಲ್ಲ ಆ ಕೆಲವು ವಾರಗಳದೇ. ಹಣ್ಣನ್ನೆಲ್ಲ ಮಂಡಿಗೆ ಹಾಕದೆ ಒಂದಷ್ಟನ್ನಾದರೂ ಬೆಂಗಳೂರಿನ ಮನೆಗಳಿಗೆ ನೇರವಾಗಿ ಕಳುಹಿಸಬೇಕೆಂದು ಮನೆಯ ಸೊಸೆಗೆ ಆಸೆ. ಯಾವ ತಳಿ ಯಾವ ವಾರ ಇಳಿಯುವುದು, ಪೆಟ್ಟಿಗೆಯ ತೂಕವೆಷ್ಟು, ಬೆಲೆ ಏನು ಎಂಬಿವನ್ನು ಆಕೆ ತಿಳಿಸಬೇಕು. ಅದೂ ದಿನದಿನಕ್ಕೆ ಬದಲಾಗುವ ಸಮಾಚಾರ. ಒಂದೊಂದು ಬದಲಾವಣೆಗೂ ಪೇಟೆಯ ಕುಶಲಿಯನ್ನು ಕರೆಯುವುದಾದರೆ ಹಣ್ಣು ಕೊಳೆತ ಮೇಲೆ ಬೆಲೆ ಪ್ರಕಟವಾದೀತು!

ಈ ತೊಡಕನ್ನು ನಿವಾರಿಸುವುದಕ್ಕಾಗಿಯೇ ‘ವಿಷಯ ನಿರ್ವಹಣಾ ವ್ಯವಸ್ಥೆ’ ಎಂಬುದು ಹುಟ್ಟಿತು. ಇದರಲ್ಲಿ ಪುಟದ ಅಂದಚಂದ ಬೇರೆ, ಪುಟದ ಮಾತು ಬೇರೆ. ಮಾತುಗಳೆಲ್ಲ ಡೇಟಾಬೇಸ್ ಎಂಬ ಕಣಜದಲ್ಲಿರುತ್ತವೆ. ಅಂದಚಂದವನ್ನು ಒಂದು ಅಚ್ಚು ಒದಗಿಸುತ್ತದೆ. ಮನೆಯವರು ನೋಟ್ ಪುಸ್ತಕದಲ್ಲಿ ಬರೆದಂತೆ ಬರೆದು ಒಂದು ಗುಂಡಿಯನ್ನೊತ್ತಿದರೆ, ಬರೆದುದು ಅಚ್ಚಿನಲ್ಲಿ ಕುಳಿತು ಲೋಕಕ್ಕೆ ಕಾಣಿಸುತ್ತದೆ. ಡ್ರೂಪಲ್ 2001ರಲ್ಲಿಯೂ ಜೂಮ್ಲಾ 2005ರಲ್ಲಿಯೂ ಬಂದುವು. ಇವೆರಡರ ನಡುವೆ, 2003ರ ಮೇ 27ರಂದು, ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರು ಹಳೆಯದೊಂದು ತಂತ್ರಾಂಶವನ್ನು ತಿದ್ದಿ ಹೊರಡಿಸಿದ ವರ್ಡ್‌ಪ್ರೆಸ್ಸೇ ಈಗ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿದೆ. ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದು, ತಿದ್ದಬಹುದು, ಹಂಚಬಹುದು. ನಮ್ಮ ತೋಟದ ಮನೆಗೆ ಇದೇ ಸಾಕು.

ವ್ಯವಸ್ಥೆಗೆ ಬೆಲೆಯಿಲ್ಲವಾದರೂ ಎರಡು ಬಾಡಿಗೆಗಳುಂಟು. ಒಂದು ಹೆಸರಿನ ಬಾಡಿಗೆ, ಇನ್ನೊಂದು ಸ್ಥಳದ ಬಾಡಿಗೆ. ‘ಇನ್’ ಎಂಬ ಭಾರತದ ಗುರುತಿನಲ್ಲಿ ಕೊನೆಗೊಳ್ಳುವ ಹೆಸರುಗಳು 2005ರಿಂದ ಸರ್ವರಿಗೂ ಸುಲಭವಾಗಿ ದೊರೆಯುತ್ತಿವೆ. ಹೆಸರನ್ನು ನಾವು ಕೊಂಡೆವೆಂದು ಹೇಳುವುದು ವಾಡಿಕೆಯಾದರೂ ಅದು ಕ್ರಯವಲ್ಲ, ಗುತ್ತಿಗೆ. ವಾಯಿದೆ ತೀರಿದ ಮೇಲೆ ಹಣ ಕಟ್ಟದಿದ್ದರೆ, ಕೆಲವು ದಿನಗಳ ಬಿಡುವಿನ ತರುವಾಯ ಹೆಸರು ಬಯಲಿಗೆ ಬೀಳುತ್ತದೆ. ಆಗ ಅದನ್ನು ಯಾರಾದರೂ ಎತ್ತಿಕೊಳ್ಳಬಹುದು.

ಸ್ಥಳವೆಂದರೆ ಹೋಸ್ಟಿಂಗ್. ಇದನ್ನು ತಿಳಿಯಲು ಕೋಲಾರದವರು ದೂರ ಹೋಗಬೇಕಾದುದಿಲ್ಲ. 1902ರಲ್ಲಿ ಚಿನ್ನದ ಗಣಿಯ ಯಂತ್ರಗಳು ವಿದ್ಯುಚ್ಛಕ್ತಿಯಿಂದ ತಿರುಗತೊಡಗಿದಾಗ, ಆ ಶಕ್ತಿ ಹುಟ್ಟುತ್ತಿದ್ದುದು ಸುಮಾರು 147 ಕಿಲೋಮೀಟರು ದೂರದ ಶಿವನಸಮುದ್ರದಲ್ಲಿ. ಗಣಿಯವರು ಜಲಪಾತವನ್ನು ಕೊಂಡಿರಲಿಲ್ಲ. ತಂತಿಯ ಮೂಲಕ ಬಂದ ಶಕ್ತಿಗೆ ಹಣ ತೆರುತ್ತಿದ್ದರು. ಹಾಗೆಯೇ ನಮ್ಮ ಜಾಲತಾಣವು ಎಲ್ಲಿಯೋ ಇರುವ, ಹಗಲಿರುಳು ಉರಿಯುವ ಸರ್ವರ್ ಎಂಬ ಯಂತ್ರದಲ್ಲಿ ವಾಸಿಸುತ್ತದೆ. ಒಂದೇ ಯಂತ್ರದಲ್ಲಿ ನೂರಾರು ಮಂದಿ ಬಾಡಿಗೆದಾರರು ಒಟ್ಟಾಗಿ ಇರುವ ಏರ್ಪಾಡು ಅಗ್ಗದ್ದು. ತೋಟದ ಮನೆಗೆ ಅಷ್ಟೇ ಧಾರಾಳ. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಎಂಬ ಎರಡು ಸೌಕರ್ಯಗಳ ಈಚಿನ ಆವೃತ್ತಿಗಳಿವೆಯೇ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಬೇಕು. ಇವಿಲ್ಲದೆ ವರ್ಡ್‌ಪ್ರೆಸ್ ನಡೆಯದು.

ಇನ್ನು ಸ್ಥಾಪನೆ. ಹೆಚ್ಚಿನ ಹೋಸ್ಟಿಂಗ್ ಖಾತೆಗಳಲ್ಲಿ ಎಲ್ಲವನ್ನೂ ತಾನೇ ಮಾಡಿಕೊಡುವ ಗುಂಡಿಯೊಂದಿರುತ್ತದೆ. ಅದನ್ನು ಬಳಸಬಾರದೆಂದು ನಾವು ಹೇಳುವುದಿಲ್ಲ. ಆದರೂ ಒಂದು ಸಲ ಕೈಯಾರೆ ಮಾಡಿದವರಿಗೆ ಮನೆಯ ಒಳಗುಟ್ಟು ತಿಳಿಯುವುದರಿಂದ ಆ ಕ್ರಮವನ್ನು ಹೇಳುತ್ತೇವೆ. ಮೊದಲು ಖಾತೆಯ ಒಳಗೆ ಬರಿದಾದ ಡೇಟಾಬೇಸೊಂದನ್ನು ಸೃಷ್ಟಿಸಬೇಕು. ಎರಡನೆಯದಾಗಿ ಅದಕ್ಕೆ ಒಬ್ಬ ಬಳಕೆದಾರನನ್ನೂ ಪಾಸ್‌ವರ್ಡನ್ನೂ ಗೊತ್ತುಮಾಡಿ, ಆ ಬಳಕೆದಾರನಿಗೆ ಆ ಡೇಟಾಬೇಸಿನ ಮೇಲೆ ಪೂರ್ಣಾಧಿಕಾರವನ್ನು ಕೊಡಬೇಕು. ಮೂರನೆಯದಾಗಿ ವರ್ಡ್‌ಪ್ರೆಸ್ಸಿನ ಕಡತಗಳನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಂಡು ಖಾತೆಗೆ ಏರಿಸಬೇಕು. ಆಮೇಲೆ ನಮ್ಮ ಹೆಸರಿನ ವಿಳಾಸವನ್ನು ಬ್ರೌಸರಿನಲ್ಲಿ ತೆರೆದರೆ, ವ್ಯವಸ್ಥೆಯು ತಾನಾಗಿ ಪ್ರಶ್ನೆಗಳನ್ನು ಕೇಳುತ್ತದೆ.

ಮೊದಲನೆಯ ಪ್ರಶ್ನೆ ಭಾಷೆಯದು. ಪಟ್ಟಿಯಲ್ಲಿ ಕನ್ನಡವೂ ಇದೆ. ಅನಂತರ ಡೇಟಾಬೇಸಿನ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡ್, ಡೇಟಾಬೇಸ್ ಇರುವ ಯಂತ್ರದ ಹೆಸರು ಎಂಬ ನಾಲ್ಕು ಉತ್ತರಗಳನ್ನು ಕೊಡಬೇಕು. ಕೊನೆಯದಕ್ಕೆ ಸಾಮಾನ್ಯವಾಗಿ ‘ಲೋಕಲ್‌ಹೋಸ್ಟ್’ ಎಂದು ಬರೆದರಾಯಿತು. ಹೆಚ್ಚಿನವರು ಎಡವುವುದು ಇಲ್ಲಿಯೇ. ಖಾತೆಯವರು ನಾವು ಕೊಟ್ಟ ಡೇಟಾಬೇಸ್ ಹೆಸರಿನ ಹಿಂದೆ ತಮ್ಮ ಖಾತೆಯ ಹೆಸರನ್ನೂ ಒಂದು ಅಡಿಗೆರೆಯನ್ನೂ ಅಂಟಿಸಿರುತ್ತಾರೆ. ಮನೆತನದ ಹೆಸರಿಲ್ಲದೆ ಕರೆದರೆ ಓಗೊಡದ ಹಳೆಯ ಕಾಲದ ಯಜಮಾನರಂತೆ, ಆ ಪೂರ್ಣ ಹೆಸರಿಲ್ಲದೆ ಡೇಟಾಬೇಸು ಬಾಗಿಲನ್ನು ತೆರೆಯುವುದಿಲ್ಲ. ಸಂಪರ್ಕ ಸಾಧ್ಯವಾಗಲಿಲ್ಲವೆಂಬ ಸೂಚನೆ ಕಂಡರೆ ಗಾಬರಿಯಾಗದೆ ಈ ನಾಲ್ಕು ಉತ್ತರಗಳನ್ನು ಅಕ್ಷರಕ್ಕೆ ಅಕ್ಷರ ಒಪ್ಪ ನೋಡಬೇಕು.

ತರುವಾಯ ತಾಣದ ಶಿರೋನಾಮೆ, ಮೇಲ್ವಿಚಾರಕರ ಹೆಸರು, ಪಾಸ್‌ವರ್ಡ್, ಇ-ಮೇಲ್ ವಿಳಾಸ. ಮೇಲ್ವಿಚಾರಕರ ಹೆಸರನ್ನು ‘ಅಡ್ಮಿನ್’ ಎಂದಿಡಬಾರದು. ಕಳ್ಳರು ಮೊದಲು ತಟ್ಟುವ ಬಾಗಿಲೇ ಅದು. ಹುಡುಕುವ ಯಂತ್ರಗಳು ತಾಣವನ್ನು ನೋಡದಂತೆ ತಡೆಯುವ ಒಂದು ಚಿಕ್ಕ ಚೌಕವೂ ಆ ಪುಟದಲ್ಲಿದೆ; ಅದಕ್ಕೆ ಗುರುತು ಹಾಕಿದರೆ ಗೂಗಲ್ ಮೊದಲಾದುವು ಶ್ರೀನಿವಾಸಪುರದ ಹಣ್ಣನ್ನು ಯಾರಿಗೂ ತೋರಿಸವು. ಒಳಗೆ ಹೋದ ಕೂಡಲೆ ಗಡಿಯಾರವನ್ನು ಸರಿಪಡಿಸುವುದು ಲೇಸು. ಅದು ಸಾಮಾನ್ಯವಾಗಿ ನಮಗಿಂತ ಐದೂವರೆ ಗಂಟೆ ಹಿಂದಿನ ಕಾಲವನ್ನು ಹಿಡಿದಿರುವುದರಿಂದ, ಬೆಳಗ್ಗೆ 6 ಗಂಟೆಗೆಂದು ಇಟ್ಟ ಬೆಲೆಪಟ್ಟಿ 11-30ಕ್ಕೆ ಹೊರಬಿದ್ದೀತು. ವಿಳಾಸಕ್ಕೆ ಭದ್ರತೆಯ ಪ್ರಮಾಣಪತ್ರವನ್ನೂ ಹಾಕಿಸಿಕೊಳ್ಳತಕ್ಕದ್ದು. ಅದು ಬಿಟ್ಟಿಯಾಗಿಯೇ ದೊರೆಯುತ್ತದೆ. ಪ್ರತ್ಯೇಕವಾಗಿ ಹಣ ಕೇಳುವವರನ್ನು ಎರಡು ಮಾತು ವಿಚಾರಿಸುವುದು ಒಳ್ಳೆಯದು.

ಕನ್ನಡದ ವಿಷಯವಾಗಿ ಎರಡು ಎಚ್ಚರಿಕೆಗಳುಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಲೇಖನಗಳನ್ನು ಹಾಗೆಯೇ ತಂದು ಅಂಟಿಸಿದರೆ ಓದುವವನಿಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಮೊದಲು ಅವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಯೂನಿಕೋಡಿನಲ್ಲಿ ತೆಲುಗಿಗೆ 128 ಮನೆಗಳು, ಅದರ ಮಗ್ಗುಲಲ್ಲಿಯೇ ಕನ್ನಡಕ್ಕೆ 128 ಮನೆಗಳು. ಶ್ರೀನಿವಾಸಪುರಕ್ಕೂ ಮದನಪಲ್ಲಿಗೂ ಇರುವ ನೆರೆಹೊರೆ ಅಲ್ಲಿಯೂ ತಪ್ಪಿಲ್ಲ. ಆದುದರಿಂದ ಒಂದೇ ಪುಟದಲ್ಲಿ ಎರಡು ಭಾಷೆಗಳಲ್ಲಿಯೂ ಬೆಲೆಯನ್ನು ಬರೆಯಲು ಅಡ್ಡಿಯಿಲ್ಲ.

ಎರಡನೆಯದು ಪುಟದ ವಿಳಾಸ. ಕನ್ನಡದ ಶಿರೋನಾಮೆಯನ್ನು ಕೊಟ್ಟರೆ ವ್ಯವಸ್ಥೆಯು ಅದರಿಂದಲೇ ವಿಳಾಸವನ್ನು ಮಾಡುತ್ತದೆ. ಒಳಗೆ ಮಾತ್ರ ಒಂದೊಂದು ಕನ್ನಡ ಚಿಹ್ನೆಗೂ ಒಂಬತ್ತು ರೋಮನ್ ಚಿಹ್ನೆಗಳು ಬೇಕು. ಒತ್ತು, ಗುಣಿತಗಳನ್ನೂ ಎಣಿಸಿದರೆ ‘ಶ್ರೀನಿವಾಸಪುರ’ ಎಂಬ ಒಂದು ಪದಕ್ಕೆ 12 ಚಿಹ್ನೆಗಳು. ಅದನ್ನು ಇನ್ನೊಬ್ಬರಿಗೆ ಕಳುಹಿಸುವಾಗ ಅದು 108 ಆಗಿ ನಿಲ್ಲುವುದುಂಟು. ಅಷ್ಟೋತ್ತರಕ್ಕೆ ಸರಿ, ವಿಳಾಸಕ್ಕೆ ಸಲ್ಲದು! ವರ್ಡ್‌ಪ್ರೆಸ್ಸಿನ ಮಿತಿ 200 ಆದುದರಿಂದ 22 ಕನ್ನಡ ಚಿಹ್ನೆಗಳ ಆಚೆಗಿನದು ಕತ್ತರಿಸಿಹೋಗುತ್ತದೆ. ಶಿರೋನಾಮೆ ಕನ್ನಡದಲ್ಲಿಯೇ ಇರಲಿ; ವಿಳಾಸವನ್ನು ಮಾತ್ರ ರೋಮನ್ ಅಕ್ಷರಗಳಲ್ಲಿ ಚಿಕ್ಕದಾಗಿ ಕೊಡುವುದು ಜಾಣತನ.

ಇಷ್ಟೆಲ್ಲ ಒಂದು ಮಧ್ಯಾಹ್ನದ ಕೆಲಸ. ಅಲ್ಲಿಂದಾಚೆಗೆ ಉಳಿಯುವುದು ರಕ್ಷಣೆಯ ಕೆಲಸ. ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ.

1905ರಲ್ಲಿ ಲೂಯಿ ರೈಸ್ ಮಹಾಶಯರು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ನಮ್ಮ ನಾಲ್ಕು ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿವೆ. ದಾನಶಾಸನವೊಂದನ್ನು ಓದಿದರೆ ಒಂದು ವಿಶೇಷ ತೋರುತ್ತದೆ. ಕೊಟ್ಟವನಾರು, ಪಡೆದವನಾರು, ಎಲ್ಲೆ ಯಾವುದು, ಸಾಕ್ಷಿ ಯಾರು ಎಂಬುದನ್ನೆಲ್ಲ ಬರೆದು, ಅಳಿದವನಿಗೆ ಶಾಪವನ್ನೂ ಹಾಕಿರುತ್ತಾರೆ. ಒಡೆತನದ ಮಾತನ್ನು ಆ ಹಿರಿಯರು ಯಾರ ನೆನಪಿಗೂ ಬಿಡಲಿಲ್ಲ. ನಾವಾದರೋ ಹೆಸರನ್ನು ಕುಶಲಿಯ ಇ-ಮೇಲಿನಲ್ಲಿ ನೋಂದಾಯಿಸಿ, ಹೋಸ್ಟಿಂಗಿನ ಪಾಸ್‌ವರ್ಡನ್ನು ಅವನ ಫೋನಿನಲ್ಲಿಯೇ ಬಿಟ್ಟು, ನಿಶ್ಚಿಂತರಾಗಿ ಮನೆಗೆ ಬರುತ್ತೇವೆ. ಅವನು ದುಷ್ಟನಾಗಬೇಕಾದುದೇ ಇಲ್ಲ; ಊರು ಬಿಟ್ಟರೆ ಸಾಕು, ಫೋನು ಬದಲಾದರೆ ಸಾಕು. ಗುತ್ತಿಗೆ ತೀರುವ ಸೂಚನೆ ಯಾರೂ ತೆರೆಯದ ಅಂಚೆಗೆ ಹೋಗುತ್ತದೆ. ಒಂದು ದಿನ, ಬಹುಶಃ ರಸಪುರಿ ಇಳಿಯುವ ವಾರದಲ್ಲಿಯೇ, ತಾಣವು ಮರೆಯಾಗುತ್ತದೆ. ಆಗ ಸೊಸೆಯ ಕೈಯಲ್ಲಿ ತೋಟವೂ ಇದೆ, ಹಣ್ಣೂ ಇದೆ. ಮೂರು ವರ್ಷ ಗಿರಾಕಿಗಳ ಬಾಯಲ್ಲಿ ನೆಲೆಗೊಳಿಸಿದ ಹೆಸರು ಮಾತ್ರ ಇಲ್ಲ.

ಆದುದರಿಂದ ಹೆಸರಿನ ನೋಂದಣಿ, ಹೋಸ್ಟಿಂಗಿನ ಖಾತೆ, ಮೇಲ್ವಿಚಾರಕರ ಇ-ಮೇಲ್, ಈ ಮೂರೂ ಮನೆಯವರ ಹೆಸರಿನಲ್ಲಿಯೇ ಇರಬೇಕು. ಕುಶಲಿಗೆ ಪ್ರತ್ಯೇಕವಾದ ಪ್ರವೇಶವನ್ನು ಕೊಟ್ಟು, ಕೆಲಸ ಮುಗಿದ ಮೇಲೆ ತೆಗೆದುಬಿಡಬಹುದು. ಮೇಸ್ತ್ರಿಗೆ ಕೂಲಿ ಕೊಡುತ್ತೇವೆಯೇ ಹೊರತು ಮನೆಯ ಪತ್ರವನ್ನು ಕೊಡುವುದಿಲ್ಲವಷ್ಟೆ. ಮೂಡಲಬಾಗಿಲೇ ಮುಳಬಾಗಿಲಾಯಿತೆಂದು ಹೇಳುತ್ತಾರೆ. ಬಾಗಿಲ ಹೆಸರಿನ ಊರಿನವರಿಗೆ ಬೀಗದ ಮಹತ್ವವನ್ನು ನಾವು ವಿಸ್ತರಿಸಬೇಕೆ? ಪಾಸ್‌ವರ್ಡುಗಳನ್ನೂ ಗುತ್ತಿಗೆ ತೀರುವ ತಾರೀಖುಗಳನ್ನೂ ಒಂದು ಕಾಗದದಲ್ಲಿ ಬರೆದು ಜಮೀನಿನ ಪತ್ರಗಳಿರುವ ಪೆಟ್ಟಿಗೆಯಲ್ಲಿಯೇ ಇಡಬೇಕು. ಮನೆಯಲ್ಲಿ ಇಬ್ಬರಿಗಾದರೂ ಅದು ತಿಳಿದಿರಬೇಕು. ಹಣ ಕಟ್ಟುವ ಕೆಲಸವನ್ನು ಸಂಕ್ರಾಂತಿಗೆ ಮುಗಿಸಿಕೊಂಡರೆ ಹಣ್ಣಿನ ಕಾಲದಲ್ಲಿ ಚಿಂತೆಯಿರದು.

ಪ್ರತಿಯ ಮಾತೊಂದುಂಟು. ತಾಣದ ಸಂಪತ್ತು ಎರಡು ಕಡೆ ಹಂಚಿದೆ: ಚಿತ್ರಗಳೂ ಅಚ್ಚುಗಳೂ ಕಡತಗಳಲ್ಲಿ, ಬರೆದ ಮಾತುಗಳೆಲ್ಲ ಡೇಟಾಬೇಸಿನಲ್ಲಿ. ಕಡತಗಳನ್ನು ಮಾತ್ರ ನಕಲು ಮಾಡಿ ಎಲ್ಲವೂ ಬಂದಿತೆಂದು ನಂಬುವವರು ಬಹಳ. ಅದು ಕಾಳನ್ನು ಬಿಟ್ಟು ಕಣಜವನ್ನು ಹೊತ್ತು ತಂದಂತೆ. ಎರಡನ್ನೂ ತಿಂಗಳಿಗೊಮ್ಮೆ, ಹಣ್ಣಿನ ಕಾಲದಲ್ಲಿ ವಾರಕ್ಕೊಮ್ಮೆ, ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಪ್ರತಿಯು ಅದೇ ಸರ್ವರಿನಲ್ಲಿದ್ದರೆ ಆ ಯಂತ್ರ ಕೆಟ್ಟ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ವರ್ಡ್‌ಪ್ರೆಸ್ 2013ರಿಂದ ಸಣ್ಣ ದುರಸ್ತಿಗಳನ್ನು ತಾನಾಗಿಯೇ ಮಾಡಿಕೊಳ್ಳುತ್ತದೆ, ಅದನ್ನು ನಿಲ್ಲಿಸಬಾರದು. ಬೇಡದ ಪ್ಲಗಿನ್ನುಗಳನ್ನು ತೆಗೆದುಹಾಕಬೇಕು. ಬಳಸದ ಕಿಟಕಿಯಿಂದಲೇ ಕಳ್ಳನು ನುಗ್ಗುವುದು.

ಇಷ್ಟೆಲ್ಲ ತಾಪತ್ರಯವೇಕೆ, ಫೇಸ್‌ಬುಕ್ಕಿನಲ್ಲಿ ಒಂದು ಪುಟವಿದ್ದರೆ ಸಾಲದೆ ಎಂದು ಕೆಲವರು ಕೇಳಿಯಾರು. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವುದೂ ವ್ಯಾಪಾರವೇ. ಆದರೆ ಸಂತೆಯವನು ಎಬ್ಬಿಸಿದರೆ ಏಳಬೇಕು. ಸ್ವಂತ ಅಂಗಡಿಯಿದ್ದು ಸಂತೆಗೂ ಹೋಗುವವನು ಸುಖಿ. ನಮ್ಮ ವಾಚಕರಲ್ಲಿ ಯಾರ ಮನೆಯ ಜಾಲತಾಣವಾದರೂ ಈಗಾಗಲೇ ಇದ್ದಲ್ಲಿ, ಈ ಪುಟವನ್ನು ಮಡಿಸಿಟ್ಟು ಒಂದು ಪ್ರಶ್ನೆಯನ್ನು ಮನೆಯಲ್ಲಿ ಕೇಳಿನೋಡಲಿ: ಹೆಸರು ಯಾರ ಇ-ಮೇಲಿನಲ್ಲಿದೆ? ಉತ್ತರ ಕೂಡಲೆ ಬಾರದಿದ್ದರೆ ನಾಳೆಯ ಮೊದಲ ಕೆಲಸ ಅದೇ ಆಗಲಿ.