ಕಾಲೇಜಿಗೆ ಸೀಟು ಸಿಕ್ಕಿತು, ಮುಂದೇನು? ವಿಕಲಚೇತನ ವಿದ್ಯಾರ್ಥಿಗಳ ಉದ್ಯೋಗದ ದಾರಿ

ಬರೆಯಲು ಕುಳಿತರೆ ಕೈಬೆರಳುಗಳು ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ 2018ರ ನಾಗರಿಕ ಸೇವಾ ಪರೀಕ್ಷೆಗೆ ಸ್ಕ್ರೈಬ್, ಅಂದರೆ ಉತ್ತರ ಬರೆದುಕೊಡುವ ಸಹಾಯಕ ಬೇಕೆಂದು ಕೇಳಿದರು. ನಿಯಮದಲ್ಲಿ ಹೆಸರಿಸಿದ ಕೆಲವು ವರ್ಗದವರಿಗೆ ಮಾತ್ರ ಈ ಸೌಲಭ್ಯ ಎಂದು ಕೇಂದ್ರ ಲೋಕಸೇವಾ ಆಯೋಗ ನಿರಾಕರಿಸಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಶೇ. 40ರ ಗಡಿ ಇರುವುದು ಮೀಸಲಾತಿಗೆ, ಪರೀಕ್ಷೆಯಲ್ಲಿ ಬೇಕಾದ ನೆರವಿಗೆ ಆ ಗಡಿ ಅಡ್ಡಬರಬಾರದು ಎಂದು 2021ರ ಫೆಬ್ರವರಿ 11ರಂದು ನ್ಯಾಯಾಲಯ ತೀರ್ಪು ನೀಡಿತು.

ಆ ಬಳಿಕ ಇನ್ನೂ ಕೆಲವು ಮಹತ್ವದ ತೀರ್ಪುಗಳು ಬಂದಿವೆ. ಶೇ. 40ಕ್ಕಿಂತ ಹೆಚ್ಚು ವೈಕಲ್ಯವಿದೆ ಎಂಬ ಒಂದೇ ಕಾರಣಕ್ಕೆ ಎಂ.ಬಿ.ಬಿ.ಎಸ್. ಪ್ರವೇಶ ನಿರಾಕರಿಸುವಂತಿಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ, ದೃಷ್ಟಿದೋಷದ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇವೆಲ್ಲ ಸಂತೋಷದ ಸುದ್ದಿಗಳೇ. ಆದರೆ ದೆಹಲಿಯವರೆಗೆ ಹೋಗಿ ಹೋರಾಡುವ ಶಕ್ತಿ ಎಷ್ಟು ಮಂದಿಗಿದೆ? ನಮ್ಮದೇ ತಾಲೂಕಿನ ಕಾಲೇಜಿನಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಕೇಳಿಸದ ಪಾಠವನ್ನು ಗೆಳತಿಯ ನೋಟ್ಸಿನಿಂದ ಓದಿಕೊಳ್ಳುವ ವಿದ್ಯಾರ್ಥಿನಿಗೆ ಈ ತೀರ್ಪುಗಳಿಂದ ಏನು ಸಿಕ್ಕಿತು?

ಕಾನೂನು ಏನು ಕೊಟ್ಟಿದೆ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಆಗ 1995ರ ಕಾಯ್ದೆಯಲ್ಲಿದ್ದುದು ಏಳೇ ಬಗೆಯ ವೈಕಲ್ಯಗಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಗೆ ಬಂದಾಗ ಇದು 21ಕ್ಕೆ ಏರಿತು. ಆಟಿಸಂ, ಓದು ಬರಹದಲ್ಲಿ ಎಡವುವ ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮುಂತಾಗಿ ಹೊರನೋಟಕ್ಕೆ ಕಾಣದ ತೊಂದರೆಗಳೂ ಇದರಲ್ಲಿ ಸೇರಿವೆ.

ಸರಕಾರಿ ಮತ್ತು ಸರಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳು ಶೇ. 40 ಮತ್ತು ಅದಕ್ಕಿಂತ ಹೆಚ್ಚು ವೈಕಲ್ಯವಿರುವವರಿಗೆ ಕನಿಷ್ಠ ಶೇ. 5 ಸೀಟು ಮೀಸಲಿಡಬೇಕು; ಪ್ರವೇಶದ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ನೀಡಬೇಕು. ಸರಕಾರಿ ಉದ್ಯೋಗದಲ್ಲಿ ಕನಿಷ್ಠ ಶೇ. 4 ಮೀಸಲಾತಿ ಇದೆ. ಇಂಥವರು ಮಾಡಬಲ್ಲ 3,500ಕ್ಕೂ ಹೆಚ್ಚು ಹುದ್ದೆಗಳ ಪಟ್ಟಿಯನ್ನು ಕೇಂದ್ರ ಸರಕಾರ 2021ರ ಜನವರಿಯಲ್ಲಿ ಪ್ರಕಟಿಸಿದೆ. ಹೀಗಿರುವಾಗ ಕಾನೂನು ಇಲ್ಲ ಎಂದು ದೂರುವಂತಿಲ್ಲ. ಸೀಟು ಸಿಕ್ಕಿದ ದಿನದಿಂದ ಮೊದಲ ಸಂಬಳದ ದಿನದವರೆಗೆ ವಿದ್ಯಾರ್ಥಿಯ ಜೊತೆ ನಡೆಯುವವರು ಇಲ್ಲದಿರುವುದೇ ಇಂದಿನ ನಿಜವಾದ ಕೊರತೆ.

ತಡವಾಗಿ ತಿಳಿಯುವ ಮಾಹಿತಿ

ಮೊದಲ ಅಡ್ಡಿ ಕಾಗದಪತ್ರದ್ದು. ವಿಶಿಷ್ಟ ಗುರುತಿನ ಚೀಟಿ, ಅಂದರೆ ಯು.ಡಿ.ಐ.ಡಿ. ಕಾರ್ಡ್ ಇಲ್ಲದೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುವುದಿಲ್ಲ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ತಪಾಸಣೆ ಮುಗಿಸಿ ಕಾರ್ಡ್ ಕೈಸೇರಲು ತಿಂಗಳುಗಳೇ ಬೇಕಾಗಬಹುದು. ಪಿಯುಸಿ ಫಲಿತಾಂಶ ಬಂದ ಮೇಲೆ ಓಡಾಡಲು ತೊಡಗಿದರೆ ಆ ವರ್ಷದ ಮೀಸಲು ಸೀಟೂ ವಿದ್ಯಾರ್ಥಿವೇತನವೂ ಕೈತಪ್ಪುತ್ತವೆ. ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ನಿಗದಿತ ದಿನಾಂಕದೊಳಗೆ ಅರ್ಜಿ ಸಲ್ಲಿಸಬೇಕು. ಆದ್ದರಿಂದ ಎಸ್ಸೆಸ್ಸೆಲ್ಸಿ ಓದುತ್ತಿರುವಾಗಲೇ ಕಾರ್ಡ್ ಮಾಡಿಸಿಕೊಳ್ಳುವುದು ಜಾಣತನ. ಗ್ರಾಮ ಪಂಚಾಯತ್ ಮಟ್ಟದಲ್ಲಿ ವಿ.ಆರ್.ಡಬ್ಲ್ಯು. ಎಂದು ಕರೆಯಲ್ಪಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದೇ ಕೆಲಸಕ್ಕೆಂದು ಇದ್ದಾರೆ. ಆದರೆ ಅವರ ಹೆಸರು ಕೂಡಾ ಗೊತ್ತಿಲ್ಲದ ಮನೆಗಳು ಎಷ್ಟೋ.

ಎರಡನೆಯ ಅಡ್ಡಿ ಕಾಲೇಜಿನೊಳಗಿನದು. ನ್ಯಾಕ್ ಮೌಲ್ಯಮಾಪನದ ಸಮಯದಲ್ಲಿ ರ‍್ಯಾಂಪ್ ಅಥವಾ ಲಿಫ್ಟ್, ಬಳಸಬಹುದಾದ ಶೌಚಾಲಯ, ಸೂಚನಾ ಫಲಕ, ಸಹಾಯಕ ತಂತ್ರಜ್ಞಾನ, ಓದಿಹೇಳುವ ಮತ್ತು ಬರೆದುಕೊಡುವ ನೆರವು ಇವುಗಳ ಬಗ್ಗೆ ಕಾಲೇಜು ಉತ್ತರಿಸಬೇಕಾಗಿತ್ತು. ಇವುಗಳಲ್ಲಿ ರ‍್ಯಾಂಪಿನ ಫೋಟೋ ತೆಗೆಯುವುದು ಸುಲಭ. ದೃಷ್ಟಿದೋಷವಿರುವ ವಿದ್ಯಾರ್ಥಿಗೆ ಬೇಕಾದ ಪಠ್ಯವನ್ನು ಪರೀಕ್ಷೆಗೆ ಮುಂಚೆ ಓದಬಲ್ಲ ರೂಪದಲ್ಲಿ ಕೊಡುವುದು ಅಷ್ಟು ಸುಲಭವಲ್ಲ.

ಆದರೂ ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಎನ್.ವಿ.ಡಿ.ಎ. ತಂತ್ರಾಂಶ ಉಚಿತ, ಅದು ಕನ್ನಡವನ್ನೂ ಓದುತ್ತದೆ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಮುದ್ರಿತ ಪುಸ್ತಕ ಓದಲಾಗದವರಿಗಾಗಿಯೇ ಪುಸ್ತಕಗಳಿವೆ. 2012ರ ತಿದ್ದುಪಡಿಯ ನಂತರ ಇಂಥವರಿಗಾಗಿ ಪುಸ್ತಕವನ್ನು ಧ್ವನಿ ಅಥವಾ ಬ್ರೈಲ್ ರೂಪಕ್ಕೆ ತರಲು ಕೃತಿಸ್ವಾಮ್ಯ ಕಾಯ್ದೆಯೂ ಅವಕಾಶ ನೀಡುತ್ತದೆ. ಅಧ್ಯಾಪಕರು ತಮ್ಮ ನೋಟ್ಸನ್ನು ಫೋಟೋ ತೆಗೆದು ಕಳುಹಿಸುವ ಬದಲು ಟೈಪ್ ಮಾಡಿದ ಕಡತವಾಗಿ ಕೊಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಕ್ಯಾಂಪಸ್ ಸಂದರ್ಶನದ ದಿನ

ಮೂರನೆಯದು, ಬಹುಶಃ ಅತಿ ದೊಡ್ಡದು, ಉದ್ಯೋಗದ ಹಂತ. ಕಂಪೆನಿಯವರು ಕಾಲೇಜಿಗೆ ಬರುತ್ತಾರೆ. ಶ್ರವಣದೋಷವಿರುವವಳನ್ನು ಗುಂಪು ಚರ್ಚೆಗೆ ಕೂರಿಸಿದರೆ ಆಕೆ ಏನು ಮಾಡಬೇಕು? ಆನ್‌ಲೈನ್ ಪರೀಕ್ಷೆಯ ಪುಟವನ್ನು ತಂತ್ರಾಂಶ ಓದದಿದ್ದರೆ ದೃಷ್ಟಿದೋಷವಿರುವವನು ಏನು ಮಾಡಬೇಕು? ಸಂದರ್ಶನಕ್ಕೆ ಮುಂಚೆಯೇ ಪ್ಲೇಸ್‌ಮೆಂಟ್ ಅಧಿಕಾರಿ ಒಂದು ಮಾತು ಹೇಳಿದ್ದರೆ ಬದಲಿ ವ್ಯವಸ್ಥೆ ಆಗುತ್ತಿತ್ತು. ಯಾರೂ ಹೇಳದಿದ್ದಾಗ "ಅರ್ಹರಲ್ಲ" ಎಂಬ ಷರಾ ಬೀಳುತ್ತದೆ.

ಖಾಸಗಿ ಸಂಸ್ಥೆಗಳಿಗೂ ಕಾಯ್ದೆ ಅನ್ವಯಿಸುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿ, ಆಯ್ಕೆಯ ವಿಧಾನ, ಕೆಲಸದ ಜಾಗದ ಸೌಲಭ್ಯಗಳು ಆ ನೀತಿಯಲ್ಲಿರಬೇಕು.

ಬ್ಯಾಂಕ್ ಕೆಲಸ ಕರಾವಳಿಯವರಿಗೆ ಹೊಸದಲ್ಲ. ಸಾರ್ವಜನಿಕ ಬ್ಯಾಂಕುಗಳ ನೇಮಕಾತಿಯಲ್ಲಿ ವಿಕಲಚೇತನರಿಗೆ ಮೀಸಲಾತಿಯ ಜೊತೆಗೆ 10 ವರ್ಷಗಳ ವಯೋಮಿತಿ ಸಡಿಲಿಕೆಯೂ ಇದೆ. ಸ್ಕ್ರೈಬ್ ಪಡೆಯಲು ಅರ್ಹರಾದವರಿಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಸಿಗುತ್ತದೆ. ಇದಕ್ಕೆ ತಯಾರಿ ಅಂತಿಮ ಪದವಿಯಲ್ಲಿ ಅಲ್ಲ, ಮೊದಲ ವರ್ಷದಲ್ಲೇ ಆರಂಭವಾಗಬೇಕು. ತರಬೇತಿ ಮತ್ತು ಉದ್ಯೋಗ ಮಾರ್ಗದರ್ಶನಕ್ಕೆ ಬೆಂಗಳೂರಿನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದ ವಿಕಲಚೇತನರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವಿದೆ. ಎನೇಬಲ್ ಇಂಡಿಯಾ, ಸಮರ್ಥನಂ, ವಿಕಲಚೇತನರಿಗಾಗಿ 1959ರಿಂದ ದುಡಿಯುತ್ತಿರುವ ಎ.ಪಿ.ಡಿ. ಮುಂತಾದ ಸಂಸ್ಥೆಗಳಿವೆ.

ನಮ್ಮ ಧರ್ಮಕೇಂದ್ರಗಳು ಏನು ಮಾಡಬಹುದು?

ವಿಕಲಚೇತನರ ದಿನವಾದ ಡಿಸೆಂಬರ್ 3ರಂದು ಶಾಲು ಹೊದಿಸಿ, ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮಗಳು ಸಾಕಷ್ಟು ಆಗಿವೆ. ಆ ಯುವಕನಿಗೆ ಬೇಕಾದದ್ದು ಹಣ್ಣಲ್ಲ, ಅರ್ಜಿಯ ಕೊನೆಯ ದಿನಾಂಕ. ಪ್ರತಿ ಮನೆಯನ್ನು ಬಲ್ಲ ವಾಳೆಯ ಗುರಿಕಾರರು ಎಂಟನೇ ತರಗತಿಯಿಂದ ಮೇಲಿನ ವಿಕಲಚೇತನ ಮಕ್ಕಳ ಹೆತ್ತವರೊಡನೆ ಮಾತನಾಡಿ, ಅವರು ಒಪ್ಪಿದರೆ ಒಂದು ಪಟ್ಟಿ ಮಾಡಬಹುದು. ವರ್ಷಕ್ಕೊಮ್ಮೆ ವಿ.ಆರ್.ಡಬ್ಲ್ಯು. ಅವರನ್ನು ಚರ್ಚ್ ಸಭಾಂಗಣಕ್ಕೆ ಕರೆಸಿ, ಜಾತಿ ಮತ ನೋಡದೆ ಊರಿನವರೆಲ್ಲರ ಅರ್ಜಿ ತುಂಬಿಸಬಹುದು. ಐ.ಸಿ.ವೈ.ಎಂ. ಯುವಜನರು ಸ್ಕ್ರೈಬ್ ಆಗಿ ಹೆಸರು ನೀಡಬಹುದು. ಸ್ಕ್ರೈಬ್‌ನ ವಿದ್ಯಾರ್ಹತೆ ಅಭ್ಯರ್ಥಿಯದ್ದಕ್ಕಿಂತ ಕೆಳಗಿನದಾಗಿರಬೇಕು ಎಂಬ ನಿಯಮ ಇರುವುದರಿಂದ ಹೈಸ್ಕೂಲು, ಪಿಯುಸಿ ಮಕ್ಕಳ ನೆರವೇ ಹೆಚ್ಚು ಬೇಕಾಗುತ್ತದೆ. ಆಯಾ ಪರೀಕ್ಷೆಯ ನಿಯಮವನ್ನು ಮಾತ್ರ ಮೊದಲೇ ಓದಿಕೊಳ್ಳಬೇಕು.

ಹೆತ್ತವರಲ್ಲೂ ಒಂದು ವಿನಂತಿ. "ನಾವಿರುವ ತನಕ ನಾವೇ ನೋಡಿಕೊಳ್ಳುತ್ತೇವೆ, ಅವಳಿಗೇಕೆ ಕೆಲಸ" ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ನಾವಿಲ್ಲದ ಮೇಲೆ ಏನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಕೊನೆಯದಾಗಿ ನಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ. ಕರಾವಳಿಯಲ್ಲಿ ಶಾಲೆ, ಕಾಲೇಜು, ಆಸ್ಪತ್ರೆಗಳನ್ನು ನಡೆಸುವ ಚರ್ಚ್ ಬರೇ ಶಿಕ್ಷಣ ನೀಡುವ ಸಂಸ್ಥೆಯಲ್ಲ, ಉದ್ಯೋಗ ನೀಡುವ ಸಂಸ್ಥೆಯೂ ಹೌದು. ಆ ಸಂಸ್ಥೆಗಳಲ್ಲಿ ಸಮಾನ ಅವಕಾಶ ನೀತಿ ಪ್ರಕಟವಾಗಿದೆಯೇ? ಕಚೇರಿ, ಗ್ರಂಥಾಲಯ, ಲೆಕ್ಕಪತ್ರ, ಪ್ರಯೋಗಾಲಯಗಳಲ್ಲಿ ವಿಕಲಚೇತನರು ಮಾಡಬಲ್ಲ ಹುದ್ದೆಗಳು ಯಾವುವು ಎಂದು ಗುರುತಿಸಲಾಗಿದೆಯೇ? ಪ್ರತಿ ಸಂಸ್ಥೆಯ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ಎರಡು ಪ್ರಶ್ನೆಗಳು ಚರ್ಚೆಗೆ ಬರಲಿ. ನಾವೇ ಓದಿಸಿದ ವಿದ್ಯಾರ್ಥಿಗೆ ನಾವೇ ಕೆಲಸ ಕೊಡಲು ಹಿಂಜರಿದರೆ, ಹೊರಗಿನ ಕಂಪೆನಿಗಳನ್ನು ಕೇಳುವ ಬಾಯಿ ನಮಗಿರುವುದಿಲ್ಲ.